ಕಿಡ್ನಿ ನರದ ಮೇಲೆ ಹೊರಿಸಿದ ತಪ್ಪು

ಫೆಬ್ರವರಿ 3, ಸೋಮವಾರ

ಇವತ್ತೂ ಮೇಜೇ. ಹಡಗಿನಿಂದ ಇಳಿದ ಕಂಟೇನರುಗಳ ನಂಬರ್ ಓದು, ಕಂಪ್ಯೂಟರಿಗೆ ಹಾಕು. ಓದು, ಹಾಕು. ಹನ್ನೆರಡು ವರ್ಷ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು ಇಡೀ ಬಂದರನ್ನು ಕಾಲಡಿ ನೋಡಿದವಳು. ಈಗ ಕಣ್ಣೆದುರು ಇರುವುದು ಫ್ಯಾನಿನ ಧೂಳು.

ಊಟದ ಬಿಡುವಿನಲ್ಲಿ ಕೊಕ್ಕೆ ಬಂದಿದ್ದ. ಕೆಳಗೆ ನಿಂತು ವಾಕಿಟಾಕಿಯಲ್ಲಿ ನನಗೆ ಎತ್ತು, ಇಳಿಸು ಹೇಳುತ್ತಿದ್ದವನಿಗೆ ಆ ಅಡ್ಡಹೆಸರು ಇಟ್ಟವಳು ನಾನೇ. ಈಗ ನನ್ನ ಕ್ಯಾಬಿನ್ನಿನಲ್ಲಿ ಕೂರುವುದು ಮರಿ, ನಾನೇ ಕಲಿಸಿದ ಹುಡುಗಿ. ಕಂಟೇನರ್ ಧಡ್ ಎಂದು ಬಿಡುತ್ತಾಳಂತೆ. ನೀವು ಇಳಿಸಿದರೆ ಕೋಳಿ ಮೊಟ್ಟೆ ಇಟ್ಟ ಹಾಗಿರುತ್ತಿತ್ತು ಎಂದ. ಹೊಗಳಿಕೆಯೋ ಬೈಗುಳವೋ...

ಕ್ಲಿನಿಕ್ಕಿನಲ್ಲಿ ಬಿ.ಪಿ. 176/104. ನಾಲ್ಕು ಥರದ ಮಾತ್ರೆ ನುಂಗಿ ಈ ಗತಿ. ಫಿಟ್‌ನೆಸ್ ಡಾಕ್ಟರು ನನ್ನ ಮುಖ ನೋಡದೆ ಬರೆದುಕೊಂಡರು. ಸಿಟ್ಟು ಕಡಿಮೆ ಮಾಡಿ ಅಂದರು. ಹಾಗೆಂದಾಗ ಎಷ್ಟು ಸಿಟ್ಟು ಬಂತೆಂದರೆ—

ಸಂಜೆ ಮನೆಯಲ್ಲಿ ಉಪ್ಪಿಲ್ಲದ ಸೂಪು, ಉಪ್ಪಿಲ್ಲದ ಮೀನು. ಇವರೂ ಅದನ್ನೇ ತಿಂದರು. ನಿಮಗೇನು ಕರ್ಮ, ನೀವು ಉಪ್ಪು ಹಾಕಿಕೊಳ್ಳಿ ಎಂದರೆ ಕೇಳುವುದಿಲ್ಲ. ಹೋಟೆಲಿನ ಪರದೆಗಳ ಆರ್ಡರ್ ಬಂದಿದೆಯಂತೆ. ಹಜಾರದ ತುಂಬ ನೀಲಿ ಬಟ್ಟೆ, ನಡುವೆ ಹೊಲಿಗೆ ಮೆಷಿನ್ನು, ಅದರ ಹಿಂದೆ ಇವರ ಬೋಳುತಲೆ.

ಫೆಬ್ರವರಿ 9, ಭಾನುವಾರ

ಬೆಳಿಗ್ಗೆ ಇವರು ಮಾತ್ರೆ ಡಬ್ಬಿ ತುಂಬಿದರು. ಏಳು ದಿನಕ್ಕೆ ಏಳು ಮನೆ. ಒಂದೊಂದು ಮನೆಗೆ ನಾಲ್ಕು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಪರದೆ ಮಡಚುವಾಗಿನ ಅದೇ ಗಮನ. ನಾನು ಏಳುವುದು ಕತ್ತಲಿರುವಾಗಲೇ. ಕನ್ನಡಕವೂ ಇಲ್ಲದೆ ಅಂಗೈಗೆ ಸುರಿದುಕೊಂಡು ಒಂದೇ ಗುಟುಕಿಗೆ ನುಂಗಿ ಹೊರಡುತ್ತೇನೆ. ಬಂದರಿನ ನರ್ಸ್ ಹೇಳುತ್ತಿರುತ್ತಾಳೆ, ಇಂಥ ಗಂಡ ಎಲ್ಲಿ ಸಿಗುತ್ತಾನೆ, ನಮಗೂ ಅಡ್ರೆಸ್ ಕೊಡಿ ಎಂದು.

ಬೇರೆ ಊರಿನ ಹೊಸ ಬಂದರಿಗೆ ಹೋಗುವವರ ಪಟ್ಟಿ ಕಳೆದ ತಿಂಗಳು ಮುಚ್ಚಿತು. ಅಲ್ಲಿ ಕ್ರೇನ್ ಕಲಿಸುವ ಹುದ್ದೆ ನನಗೇ ಎಂದು ಎರಡು ವರ್ಷದ ಹಿಂದೆ ಹೇಳಿದ್ದರು. ಆಗ ಇದ್ದದ್ದು ಒಂದೇ ಮಾತ್ರೆ, ಬಿ.ಪಿ. ತೆಪ್ಪಗಿತ್ತು. ಸರಿಯಾಗಿ ಮೆಡಿಕಲ್ ಟೆಸ್ಟಿನ ಹೊತ್ತಿಗೆ ಏರಿತು. ಆರು ತಿಂಗಳು ಬಿಟ್ಟು ಮತ್ತೆ ಕರೆದರು. ಮತ್ತೂ ಏರಿತ್ತು. ಆಮೇಲೆ ಕ್ರೇನಿನಿಂದಲೇ ಇಳಿಸಿದರು. ಈಗ ಮರಿ ಹೋಗುತ್ತಾಳೆ.

ಅತ್ತುಬಿಟ್ಟೆ. ಇವರು ಬೆನ್ನು ಸವರಿದರು. ಹಾಳಾಗಿ ಹೋಗಲಿ, ಅಂಥಾದ್ದೇನಿದೆ ಆ ಊರಿನಲ್ಲಿ ಎಂದರು. ನನ್ನ ಮೈಯೇ ನನಗೆ ಕೈಕೊಟ್ಟ ಮೇಲೆ ಯಾರನ್ನು ದೂರಲಿ?

ಫೆಬ್ರವರಿ 20, ಗುರುವಾರ

ಕಣ್ಣಿನ ಡಾಕ್ಟರ ಹತ್ತಿರ. ಎಡಗಣ್ಣಿನ ಒಳಗೋಡೆಯಲ್ಲಿ ರಕ್ತದ ಒಂದು ಚುಕ್ಕೆ. ಇದು ಎಚ್ಚರಿಕೆಯ ಗಂಟೆ ಅಂದರು. ಇವತ್ತು ಕಣ್ಣಿನಲ್ಲಿ ಆದದ್ದು ನಾಳೆ ಮೆದುಳಿನಲ್ಲಿ ಆಗಬಹುದಂತೆ. ಇವರ ಮುಖ ಸುಣ್ಣದ ಹಾಗಾಯಿತು. ಬಸ್ಸಿನಲ್ಲಿ ನನ್ನ ಕೈ ಹಿಡಿದದ್ದು ಬಿಡಲೇ ಇಲ್ಲ. ಮದುವೆಯಾದ ಹೊಸತರಲ್ಲೂ ಹೀಗೆ ಹಿಡಿದ ನೆನಪಿಲ್ಲ.

ಫೆಬ್ರವರಿ 26

ಮೆಷಿನ್ನಿನ ಸದ್ದಿಲ್ಲ. ಇವರು ಮೂರು ದಿನದಿಂದ ಫೋನಿನಲ್ಲೇ. ಏನೋ ಹುಡುಕಿ ತೆಗೆದಿದ್ದಾರೆ. ಮಾತ್ರೆಗೆ ಬಗ್ಗದ ಬಿ.ಪಿ.ಗೆ ಕಿಡ್ನಿಯ ನರ ಸುಡುತ್ತಾರಂತೆ. ದೊಡ್ಡ ಆಸ್ಪತ್ರೆಯಲ್ಲಿ ಮಾಡುತ್ತಾರಂತೆ. ಅಪಾಯಿಂಟ್‌ಮೆಂಟೂ ತೆಗೆದುಕೊಂಡಾಗಿದೆ, ನನ್ನನ್ನು ಕೇಳದೆ. ಕಿಡ್ನಿ ಎಲ್ಲಿ, ಬಿ.ಪಿ. ಎಲ್ಲಿ, ಎತ್ತಣ ಮಾಮರ ಎತ್ತಣ ಕೋಗಿಲೆ ಎಂದೆ. ನಗಲಿಲ್ಲ.

ಮಾರ್ಚ್ 5, ಬುಧವಾರ

ನರದ ಡಾಕ್ಟರು ಹೆಂಗಸು. ನನಗಿಂತ ಚಿಕ್ಕವರು. ಅವಸರವಿಲ್ಲ. ಕಾಗದದ ಮೇಲೆ ಎರಡು ಹುರುಳಿಬೀಜದಂಥ ಕಿಡ್ನಿ ಬರೆದು, ರಕ್ತನಾಳ ಎಳೆದು, ಅದರ ಸುತ್ತ ಬಳ್ಳಿಯ ಹಾಗೆ ಗೀಚಿದರು. ಅವು ನರಗಳು. ಮೆದುಳು 'ಅಪಾಯ' ಎಂದು ಈ ನರಗಳ ಮೂಲಕ ಸುದ್ದಿ ಕಳಿಸುತ್ತದೆ. ಕಿಡ್ನಿ ತಕ್ಷಣ ಉಪ್ಪು, ನೀರು ಎರಡನ್ನೂ ಒಳಗೆ ಹಿಡಿದಿಡುತ್ತದೆ. ರಕ್ತನಾಳ ಬಿಗಿಯುವ ಹಾಗೆ ಮಾಡುವ ರಸವನ್ನೂ ಬಿಡುತ್ತದೆ. ಪ್ರೆಶರ್ ಏರುತ್ತದೆ. ಅಷ್ಟೇ ಅಲ್ಲ, ಕಿಡ್ನಿಯೂ ಅದೇ ದಾರಿಯಲ್ಲಿ ಮೇಲಕ್ಕೆ ದೂರು ಕಳಿಸುತ್ತದೆ. ಮೆದುಳು ಇನ್ನಷ್ಟು ಗಾಬರಿ. ಕೆಲವರಲ್ಲಿ ಈ ಮಾತುಕತೆ ನಿಲ್ಲುವುದೇ ಇಲ್ಲವಂತೆ.

ಅರ್ಥವಾಯಿತು ಎಂದೆ. ಕೆಳಗಿನವನು ಎತ್ತು ಎತ್ತು ಅಂತಾನೆ, ಮೇಲಿನವಳು ಎತ್ತುತ್ತಾ ಹೋಗುತ್ತಾಳೆ, ಸಾಕು ಅನ್ನುವವರು ಯಾರೂ ಇಲ್ಲ. ಡಾಕ್ಟರು ನಕ್ಕರು. ನನ್ನ ಕೆಲಸ ಏನೆಂದು ಕೇಳಿ ತಿಳಿದುಕೊಂಡರು.

ತೊಡೆಯ ರಕ್ತನಾಳದಿಂದ ತೆಳ್ಳಗಿನ ಕೊಳವೆ ಬಿಟ್ಟು, ಕಿಡ್ನಿಯ ನಾಳದವರೆಗೆ ಹೋಗಿ, ಒಳಗಿನಿಂದಲೇ ಬಿಸಿ ಕೊಟ್ಟು ಸುತ್ತಲಿನ ನರ ಸುಡುವುದು. ಎಲ್ಲರಿಗೂ ಫಲ ಕೊಡುವುದಿಲ್ಲ. ಕೊಟ್ಟರೂ ಪೂರ್ತಿ ಅಲ್ಲ, ಒಂದಿಷ್ಟು ಇಳಿಯಬಹುದು. ಮಾತ್ರೆ ಪೂರಾ ಬಿಡುವ ಹಾಗೂ ಇಲ್ಲ. ಸುಟ್ಟದ್ದನ್ನು ಮತ್ತೆ ಹಳೆಯ ಹಾಗೆ ಮಾಡಲು ಬರುವುದಿಲ್ಲ. ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ಒಂದು ಪ್ರಶ್ನೆ, ಮಾತ್ರೆ ತಪ್ಪಿಸುವುದಿಲ್ಲ ತಾನೆ?

ನಾನು ಬಾಯಿ ತೆರೆಯುವ ಮೊದಲೇ ಇವರು, "ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ. ನಾನೇ ತುಂಬ್ಸಿ ಕೊಡ್ತೀನಿ," ಎಂದರು.

ಒಪ್ಪಿಗೆಯ ಕಾಗದಕ್ಕೆ ಇವರೇ ಮೊದಲು ಸಹಿ ಹಾಕಿದರು. ನಾನು ಇನ್ನೂ ಓದುತ್ತಿದ್ದೆ.

ಮಾರ್ಚ್ 23, ಭಾನುವಾರ

ಮಗಳ ಫೋನು. ಬೇರೆ ಊರಿನ ಹೋಟೆಲಿನಲ್ಲಿ ರಿಸೆಪ್ಷನ್ ಕೆಲಸ, ರಜೆ ಸಿಗುವುದಿಲ್ಲ. ಆಪರೇಷನ್ ಬೇಕೇ ಬೇಕಾ ಅಮ್ಮ ಎಂದು ಮೂರು ಸಲ ಕೇಳಿದಳು. ಬೇರೆ ಡಾಕ್ಟರಿಗೆ ತೋರಿಸಬಾರದಾ ಎಂದಳು. ಅಪ್ಪನಿಗೆ ಫೋನ್ ಕೊಡು ಎಂದಳು. ಇವರು ಫೋನ್ ಹಿಡಿದು ಹಿತ್ತಿಲಿಗೆ ಹೋದರು. ಅಪ್ಪ-ಮಗಳು ನನ್ನ ಬಗ್ಗೆ ಎಷ್ಟು ತಲೆ ಕೆಡಿಸಿಕೊಂಡಿದ್ದಾರೆ. ನನಗೇ ನಾಚಿಕೆಯಾಯಿತು, ಎಲ್ಲರಿಗೂ ಭಾರವಾದೆ ಎಂದು.

ಏಪ್ರಿಲ್ 2, ಬುಧವಾರ, ಬೆಳಿಗ್ಗೆ ಹತ್ತೂವರೆ

ಆಸ್ಪತ್ರೆ. ಕಿಟಕಿ ಪಕ್ಕದ ಹಾಸಿಗೆ. ನಾಳೆ ನರ ಸುಡುವುದು. ಬಂದ ಕೂಡಲೇ ಮೂತ್ರ ತೆಗೆದುಕೊಂಡು ಹೋದರು, ಏನೇನೋ ಟೆಸ್ಟಿಗೆ. ಬಿ.ಪಿ. 182.

ನರ್ಸ್ ಪುಟ್ಟ ಪ್ಲಾಸ್ಟಿಕ್ ಲೋಟದಲ್ಲಿ ನಾಲ್ಕು ಮಾತ್ರೆ ತಂದಳು. ಇವತ್ತಿನದು ಇನ್ನೂ ತೆಗೆದುಕೊಂಡಿರಲಿಲ್ಲ, ಅಲ್ಲೇ ಕೊಡುತ್ತೇವೆ ಎಂದಿದ್ದರು. ಇವರು ಬ್ಯಾಗಿನಿಂದ ನಮ್ಮ ಡಬ್ಬಿ ತೆಗೆದು, ಮನೆಯದೇ ಇದೆ, ಅದನ್ನೇ ಕೊಡುತ್ತೇನೆ ಎಂದರು. ಇಲ್ಲಿನದೇ ಆಗಬೇಕು, ನನ್ನ ಕಣ್ಣೆದುರೇ ನುಂಗಬೇಕು ಎಂದಳು. ಹಾಗಾದರೆ ಇವತ್ತು ಎರಡು ಸಾಕಲ್ಲವೇ, ನಾಳೆ ಎರಡು ಎಂದರು. ಅವಳು ನಕ್ಕು, ಅಂಗಡಿ ಚೌಕಾಸಿ ಮಾಡ್ತಿದ್ದೀರಲ್ಲ ಸಾರ್ ಎಂದಳು.

ಇವರು ಕಿಟಕಿಯ ಕಡೆ ತಿರುಗಿ ನಿಂತರು. ನಾನು ನುಂಗಿದೆ. ಒಂದು ಮಾತ್ರೆ ನಾಲಿಗೆಗೆ ಅಂಟಿ ಕಹಿ ಬಿಟ್ಟಿತು. ಮನೆಯಲ್ಲಿ ಎಂದೂ ಕಹಿ ಅನ್ನಿಸಿರಲಿಲ್ಲ. ಕಂಪನಿ ಬೇರೆ ಇರಬೇಕು.

ಇವರ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ನಾಳೆಯದಕ್ಕೆ ನನಗಿಂತ ಇವರಿಗೇ ಭಯ. ಪಾಪ.

ಏಪ್ರಿಲ್ 4, ಶುಕ್ರವಾರ

ಅಕ್ಷರ ಕೋಳಿ ಕೆದರಿದ ಹಾಗೆ.

ಮೊನ್ನೆ ಮಧ್ಯಾಹ್ನ ಬಾತ್‌ರೂಮಿಗೆಂದು ಎದ್ದೆ. ನೆಲ ಮೇಲೆದ್ದು ಬಂತು. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಕಾಲು ಮೇಲೆ, ತಲೆ ಕೆಳಗೆ, ಎರಡೂ ಕೈಗೆ ಸಲೈನ್. ಬಿ.ಪಿ. ಎಪ್ಪತ್ತಕ್ಕೆ ಕುಸಿದಿತ್ತಂತೆ. ಹಣೆಗೆ ಹೊಲಿಗೆ. ನಿನ್ನೆಯೆಲ್ಲ ಐ.ಸಿ.ಯು.

ನರ ಸುಡುವುದು ಮುಂದಕ್ಕೆ ಹೋಯಿತು. ನರದ ಡಾಕ್ಟರು ಬಂದು ಕುರ್ಚಿ ಎಳೆದುಕೊಂಡು ಕೂತರು. ಇದೇ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವ ಮೈ ಹೀಗೆ ಬೀಳುವುದಿಲ್ಲವಲ್ಲ ಎಂದರು. ಕೇಳಿದ್ದಲ್ಲ, ತಮಗೆ ತಾವೇ ಹೇಳಿಕೊಂಡ ಹಾಗೆ. ಮೂತ್ರದ ಸ್ಯಾಂಪಲ್ಲಿನಲ್ಲಿ ಮಾತ್ರೆಗಳ ಅಂಶ ನೋಡುವ ಟೆಸ್ಟ್ ಇದೆಯಂತೆ, ಎಲ್ಲರಿಗೂ ಮಾಡುತ್ತಾರಂತೆ, ವಾರದಲ್ಲಿ ಬರುತ್ತದಂತೆ.

ಇವರು ನನ್ನ ಪಾದ ಹಿಡಿದುಕೊಂಡು ಅತ್ತರು. ನಂದೇ ತಪ್ಪು, ನಂದೇ ತಪ್ಪು ಎಂದು. ಇಲ್ಲಿಗೆ ಕರೆತಂದದ್ದಕ್ಕೆ ಹೀಗೆ ಹಳಹಳಿಸುತ್ತಿದ್ದಾರೆಂದು ನಾನೇ ಸಮಾಧಾನ ಮಾಡಿದೆ.

ಏಪ್ರಿಲ್ 11, ಶುಕ್ರವಾರ, ಮಧ್ಯಾಹ್ನ

ರಿಪೋರ್ಟ್ ಬಂತು. ನಾಲ್ಕು ಮಾತ್ರೆಗಳಲ್ಲಿ ಒಂದರ ಗುರುತೂ ಇಲ್ಲ.

ಡಾಕ್ಟರು ಮೆತ್ತಗೇ ಹೇಳಿದರು. ಎಷ್ಟೋ ಜನ ನುಂಗುವುದಿಲ್ಲವಂತೆ, ಹೇಳಲು ಸಂಕೋಚವಂತೆ, ಬೈಯುವುದಿಲ್ಲವಂತೆ. ನಾನು ಮೇಜು ಗುದ್ದಿದೆ. ಎರಡು ವರ್ಷ, ಒಂದು ದಿನ ತಪ್ಪದೆ, ಜ್ವರ ಬಂದಾಗಲೂ... ಬೇಕಾದರೆ ಇವರನ್ನು ಕೇಳಿ ಎಂದೆ.

ಇವರು ಶೂ ಲೇಸ್ ನೋಡುತ್ತಿದ್ದರು.

ಹೇಳ್ರೀ ಎಂದೆ. ತಗೋತಾಳೆ ಎಂದರು. ಡಾಕ್ಟರ ಕಣ್ಣು ನನ್ನಿಂದ ಅವರ ಮೇಲೆ ಹೋಗಿ ಮತ್ತೆ ನನ್ನ ಮೇಲೆ ಬಂತು. ಬಂದರಿಗೆ ಕಳಿಸುವ ವರದಿಯಲ್ಲಿ ಇದ್ದದ್ದನ್ನೇ ಬರೆಯಬೇಕಾಗುತ್ತದೆ ಎಂದರು. 'ಬರೆದ ಔಷಧಿ ಸೇವಿಸಿದ ಕುರುಹಿಲ್ಲ.' ತಿಂಗಳು ತಿಂಗಳು ಅದೇ ಬಂದರಿನ ಕ್ಲಿನಿಕ್ಕಿನಲ್ಲಿ 'ತಪ್ಪದೆ ಸೇವಿಸುತ್ತಿದ್ದೇನೆ' ಎಂದು ಸಹಿ ಹಾಕಿದವಳು ನಾನು.

ಕಳ್ಳಿಯ ಹಾಗೆ ಎದ್ದು ಬಂದೆ. ಬಸ್ಸಿನಲ್ಲಿ ಇವರು ಬೇರೆ ಸೀಟಿನಲ್ಲಿ ಕೂತರು.

ಅದೇ ದಿನ, ಸಂಜೆ ಐದು

ಕನ್ನಡಕ ಹಾಕಿಕೊಂಡು ಡಬ್ಬಿ ತೆಗೆದೆ. ಆಸ್ಪತ್ರೆಯಿಂದ ಕೊಟ್ಟ ಸ್ಟ್ರಿಪ್ಪುಗಳನ್ನು ಒಡೆದು ಪಕ್ಕದಲ್ಲಿಟ್ಟೆ. ಬಣ್ಣ ಹತ್ತಿರ ಹತ್ತಿರ. ಗಾತ್ರ ಹತ್ತಿರ ಹತ್ತಿರ. ಒಂದೂ ಅದಲ್ಲ.

ಹಜಾರಕ್ಕೆ ಹೋದೆ. ಮೆಷಿನ್ನು ಓಡುತ್ತಿತ್ತು. ಅಂಗೈ ಚಾಚಿ ಏನ್ರೀ ಇದು ಎಂದೆ. ಪೆಡಲಿನಿಂದ ಕಾಲು ತೆಗೆದರು.

"ಕ್ಯಾಲ್ಸಿಯಂ. ಅದು ವಿಟಮಿನ್ನು. ಕೆಟ್ಟದ್ದೇನೂ ಅಲ್ಲ."

ಎಷ್ಟು ದಿನದಿಂದ ಎಂದು ಕೇಳಿದೆ. ಹೊಸ ಬಂದರಿನ ಮೊದಲ ಮೆಡಿಕಲ್ಲಿನ ಹಿಂದಿನ ವಾರದಿಂದಂತೆ.

"ಒಂದು ವಾರ ಅಂತ್ಲೇ ಶುರು ಮಾಡಿದ್ದು. ಟೆಸ್ಟ್ ಮುಗಿದ ಮೇಲೆ ಮತ್ತೆ ಕೊಟ್ಬಿಡೋಣ ಅಂತ. ಅಷ್ಟರಲ್ಲಿ ಇನ್ನೊಂದು ಟೆಸ್ಟ್ ಅಂದ್ರು. ಡಾಕ್ಟ್ರು ಎರಡನೇದು ಬರೆದ್ರು, ಮೂರನೇದು ಬರೆದ್ರು, ನಾಲ್ಕನೇದೂ ಬರೆದ್ರು. ಅಷ್ಟನ್ನೂ ಒಟ್ಟಿಗೆ ಕೊಟ್ರೆ ನಿಂಗೇನಾದ್ರೂ ಆಗುತ್ತೆ ಅಂತ ಹೆದ್ರಿಕೆ. ಹೇಳೋಕೂ ಹೆದ್ರಿಕೆ. ಬಿಸಿತುಪ್ಪ ಬಾಯಲ್ಲಿಟ್ಕೊಂಡ ಹಾಗೆ..."

ಬಾಯಿ ಸುಟ್ಟದ್ದು ನನ್ನದು, ಬಿಸಿತುಪ್ಪದ ಗಾದೆ ಇವರದು.

ಯಾಕೆ ಎಂದೆ. ನಾನು ಎರಡು ಸಲ ಕರೆದಿದ್ದೆ, ನೀವೂ ಬನ್ನಿ, ಅಲ್ಲೂ ಕಿಟಕಿಗಳಿವೆ, ಪರದೆ ಬೇಕಾಗುತ್ತದೆ ಎಂದು. ಗಿರಾಕಿಗಳೆಲ್ಲ ಇಲ್ಲೇ ಇದ್ದಾರೆ ಎಂದು ತಳ್ಳಿಹಾಕಿದ್ದರು.

"ಅಲ್ಲಿಗ್ ಬಂದು ನಾನು ಯಾರಾಗ್ತಿದ್ದೆ? ಕ್ರೇನ್ ಮೇಡಂ ಗಂಡ."

"ಇಲ್ಲೂ ಅದೇ ಅಲ್ವಾ?"

"ಇಲ್ಲಿ ನೀನು ಸಂಜೆ ಮನೆಗೆ ಬರ್ತೀಯ."

ನರ ಸುಡಿಸಲು ಓಡಾಡಿದ್ದು ಅದಕ್ಕೇ. ಪಟ್ಟಿ ಮುಚ್ಚಿತ್ತು, ಇನ್ನು ನಾನು ಎಲ್ಲಿಗೂ ಹೋಗುವಂತಿರಲಿಲ್ಲ. ಕಣ್ಣಿನ ಚುಕ್ಕೆ ನೋಡಿ ಸಾಯುತ್ತೇನೆಂಬ ಭಯ. ನರ ಸುಟ್ಟರೆ ಬಿ.ಪಿ. ತಾನಾಗಿ ಇಳಿಯುತ್ತದೆ, ತಾನು ಬಾಯಿ ಬಿಡಬೇಕಾಗಿಲ್ಲ. ತನ್ನ ಗುಟ್ಟು ಉಳಿಸಿಕೊಳ್ಳಲು ನನ್ನ ತೊಡೆಯಲ್ಲಿ ಕೊಳವೆ ಬಿಡಿಸಲು, ಸರಿಯಿದ್ದ ನರಗಳನ್ನು ಸುಡಿಸಲು ಹೊರಟಿದ್ದರು. ನನಗಿಂತ ಮೊದಲು ಸಹಿ ಹಾಕಿದ ಅವಸರ ಈಗ ಅರ್ಥವಾಯಿತು.

ಕೊನೆಯದಾಗಿ ಒಂದೇ ಕೇಳಿದೆ. "ಆಸ್ಪತ್ರೆಲಿ ನಾನು ನಾಲ್ಕೂ ನುಂಗಿದ್ನಲ್ಲ. ನಿಮಗೆ ಗೊತ್ತಿತ್ತು ಏನಾಗುತ್ತೆ ಅಂತ."

ನೂಲಿನ ಉಂಡೆ ಎತ್ತಿ ಮತ್ತೆ ಅಲ್ಲೇ ಇಟ್ಟರು.

"ಹೇಳ್ಬೇಕು ಅಂತ ಬಾಯಿಗೆ ಬಂತು. ನರ್ಸ್ ಇದ್ಲು."

ನರ್ಸ್ ಇದ್ದಳು! ನರ್ಸಿನ ಎದುರು ಮಾನ ಹೋಗುತ್ತದೆಂದು ಹೆಂಡತಿಯ ಜೀವ ಹೋಗಲಿ ಎಂದು ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದ.

ಅಸಲಿ ಮಾತ್ರೆಗಳೆಲ್ಲಿ ಎಂದೆ. ಮೆಷಿನ್ನಿನ ಕೆಳಗಿನ ಡ್ರಾಯರ್ ಎಳೆದ. ಪರದೆ ಬಟ್ಟೆಯ ತುಂಡುಗಳಲ್ಲಿ ಸುತ್ತಿಟ್ಟ ಸ್ಟ್ರಿಪ್ಪುಗಳು, ಕಂತೆ ಕಂತೆ. ಎಸೆಯಲು ಮನಸ್ಸು ಬರಲಿಲ್ಲವಂತೆ. ವಸ್ತುಗಳ ಮೇಲೆ ಅವನಿಗೆ ಅಷ್ಟು ಮಮತೆ.

ಬೇಲಿಯೇ ಹೊಲ ಮೇಯುವುದನ್ನು ಕೇಳಿದ್ದೆ. ಈ ಬೇಲಿ ಮೇಯುತ್ತಾ ಮೇಯುತ್ತಾ ಹೊಲಕ್ಕೆ ಉಪ್ಪಿಲ್ಲದ ಸೂಪು ಕುಡಿಸಿತು.

ಏಪ್ರಿಲ್ 19, ಶನಿವಾರ

ಕೊಕ್ಕೆಯ ಅಕ್ಕನ ಮನೆಯ ಮಹಡಿ. ಒಂದು ಕೋಣೆ, ಒಂದು ಸ್ಟೋವ್. ಕಿಟಕಿಗೆ ಪರದೆ ಇಲ್ಲ. ಬೇಡವೂ ಬೇಡ.

ನರದ ಡಾಕ್ಟರಿಗೆ ಎಲ್ಲ ಹೇಳಿದೆ. ತುಂಬಾ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕ್ಷಮಿಸಿ ಎಂದರು, ನಿಮ್ಮನ್ನು ನಂಬಲಿಲ್ಲ ಎಂದರು. ಮೊದಲಿದ್ದ ಒಂದೇ ಮಾತ್ರೆಯಿಂದ ಮತ್ತೆ ಶುರು ಮಾಡಿಸಿದ್ದಾರೆ. ನರ ಸುಡುವ ಮಾತೇ ಇಲ್ಲ. ಆ ಚಿಕಿತ್ಸೆ ನಿಜವಾಗಿ ಬೇಕಾದವರಿದ್ದಾರೆ, ನೀವಲ್ಲ, ನಿಮ್ಮ ಕಿಡ್ನಿಯ ನರಗಳು ಮಾಡಿದ ತಪ್ಪು ಏನೂ ಇಲ್ಲ ಎಂದರು.

ಎಂದೂ ಕಾಣದ ಆ ನರಗಳನ್ನು ಎಷ್ಟು ಶಪಿಸಿದ್ದೆ. ನನ್ನೊಳಗೇ ಕೂತು ನನ್ನ ಕೆಲಸ ಕಿತ್ತುಕೊಂಡ ದ್ರೋಹಿಗಳೆಂದು.

ಇವತ್ತು 134/84. ಒಂದೇ ಮಾತ್ರೆ, ಎಂಟೇ ದಿನ. ಸಿಟ್ಟೋ, ಕುಕ್ಕರಿನ ಹಾಗೆ ಇದೆ. ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ ಮುರಿದೆ. ಸಿಟ್ಟೇ ಕಾರಣ ಎಂದು ಎರಡು ವರ್ಷ ಎಲ್ಲರೂ ಹೇಳಿ ಹೇಳಿ, ನಾನೂ ನಂಬಿ, ಬಂದರಿನಲ್ಲಿ ಬೈಯಬೇಕಾದ ಕಡೆ ಬೈಯದೆ, ಮನೆಯಲ್ಲಿ ಕೇಳಬೇಕಾದ್ದು ಕೇಳದೆ ನುಂಗಿಕೊಂಡೆ. ಇಂಥ ಸಿಟ್ಟು ಜನ್ಮದಲ್ಲಿ ಬಂದಿಲ್ಲ. 134.

ಏಪ್ರಿಲ್ 27, ಭಾನುವಾರ

ಮಗಳು ಬಂದಳು. ರಜೆ ಸಿಕ್ಕಿತಂತೆ ಈಗ. ಹಣ್ಣು ತಂದಿದ್ದಳು. ಹಣೆಯ ಗಾಯ ಮುಟ್ಟಿ ಅತ್ತಳು. ಅಪ್ಪ ಊಟ ಮಾಡುತ್ತಿಲ್ಲ ಎಂದಳು. ಮಾಡದಿದ್ದರೆ ಕ್ಯಾಲ್ಸಿಯಂ ಇದೆಯಲ್ಲ ಎಂದೆ. ಅವಳಿಗೆ ನಗು ಬರಲಿಲ್ಲ, ನನಗೂ.

ಅಪ್ಪನದು ಕೆಟ್ಟ ಬುದ್ಧಿಯಲ್ಲ, ಭಯ ಅಂದಳು. ಆಮೇಲೆ ಮಾತಿನ ಭರದಲ್ಲಿ—

"ಆವತ್ತು ಮೂಗಿಂದ ರಕ್ತ ಬಂತಲ್ಲ, ಆವಾಗ್ಲೇ ನಾನು ಅಪ್ಪಂಗೆ ಹೇಳ್ದೆ, ಸಾಕು, ಅಮ್ಮಂಗೆ ಹೇಳ್ಬಿಡು ಅಂತ."

ಮೂಗಿನಿಂದ ರಕ್ತ ಬಂದದ್ದು ಹೋದ ವರ್ಷ. ಮಳೆಗಾಲಕ್ಕೆ ಮುಂಚೆ.

ಹೇಳಿದ ಮೇಲೆ ಅವಳಿಗೇ ಗೊತ್ತಾಯಿತು. ಹಣ್ಣಿನ ಚೀಲದ ಹಿಡಿ ಮಡಚುತ್ತಾ ಕೂತಳು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಪ್ಪ ಆಣೆ ಹಾಕಿಸಿಕೊಂಡಿದ್ದನಂತೆ, ತಾನೇ ಹೇಳುತ್ತೇನೆ ಎಂದನಂತೆ, ಹೇಳಿರಬಹುದು ಎಂದುಕೊಂಡಳಂತೆ, ಆಪರೇಷನ್ ಅಂದಾಗ ಇನ್ನೂ ಹೇಳಿಲ್ಲವೆಂದು ಗೊತ್ತಾಯಿತಂತೆ, ಆಗ ಜಗಳವಾಡಿದಳಂತೆ. ಹಿತ್ತಿಲಿಗೆ ಒಯ್ದ ಫೋನು ಅದು.

"ನೀವಿಬ್ರೂ ಬೇರೆ ಆಗ್ಬಿಡ್ತೀರಿ ಅನ್ನಿಸ್ತು ಅಮ್ಮ."

ಮೂರು ಜನರ ಮನೆ. ನನ್ನ ಹೊಟ್ಟೆಗೆ ಏನು ಹೋಗುತ್ತಿದೆ ಎಂದು ಗೊತ್ತಿಲ್ಲದವಳು ನಾನೊಬ್ಬಳೇ. ಇವಳನ್ನು ಎತ್ತಿ ಆಡಿಸಿದ ಕೈಗೆ ಏನು ಮಾಡಬೇಕೆಂದು ತೋಚಲಿಲ್ಲ. ಸಂಜೆಯ ಬಸ್ಸಿಗೆ ಹತ್ತಿಸಿ ಬಂದೆ. ಕಿಟಕಿಯಿಂದ ಕೈ ಬೀಸಿದಳು. ನಾನೂ ಬೀಸಿದೆ. ಅಭ್ಯಾಸ.

ಮೇ 6, ಮಂಗಳವಾರ

ಬಂದರಿನಿಂದ ನೋಟಿಸು. ಸುಳ್ಳು ಸಹಿ, ಸುರಕ್ಷತೆಯ ವಿಷಯದಲ್ಲಿ ವಂಚನೆ, 22ಕ್ಕೆ ವಿಚಾರಣೆ. ಕೆಲಸವೇ ಹೋಗಬಹುದು. ಡಾಕ್ಟರು ಕಾಗದ ಕೊಟ್ಟಿದ್ದಾರೆ, ಆದರೆ ಅವರಿಗೂ ಗೊತ್ತಿರುವುದು ನಾನು ಹೇಳಿದ್ದಷ್ಟೇ. ಮಾಡಿದವನು ಬಂದು ಹೇಳಬೇಕು.

ಮಗಳಿಗೆ ಫೋನ್ ಮಾಡಿ ತಿಳಿಸಿದೆ. ಹೊರಗಿನವರ ಮುಂದೆ ಅಪ್ಪನ ಮಾನ ತೆಗೆಯಬೇಡ ಎಂದಳು. ಮಾನ ಒಂದೇ ಇದ್ದರೆ ಇಬ್ಬರಲ್ಲಿ ಯಾರದನ್ನು ಉಳಿಸುವುದು ಹೇಳು ಎಂದೆ. ಅವಳು ಫೋನ್ ಇಟ್ಟುಬಿಟ್ಟಳು. ಅದೇ ಉತ್ತರ.

ಮೇ 8

ಅವನ ಮನೆಗೆ ಹೋದೆ. ನನ್ನ ಮನೆಯೂ ಹೌದು, ಆದರೆ ಬಾಗಿಲು ಬಡಿದು ಹೋದೆ. ತೆಳ್ಳಗಾಗಿದ್ದಾನೆ. ನೀಲಿ ಪರದೆಗಳು ಅರ್ಧಕ್ಕೇ ನಿಂತಿವೆ. ಒಳಗೆ ಬಾ, ಕೂತ್ಕೋ ಎಂದ. ನಿಂತೇ ಹೇಳಿದೆ.

"22ನೇ ತಾರೀಕು ಬಂದು ನೀನು ಮಾಡಿದ್ದು ಹೇಳ್ಬೇಕು."

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ 'ನೀನು'. ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ಅವನಿಗೂ. ಯಾರೋ ಹೊಡೆದ ಹಾಗೆ ಕಣ್ಣು ಮುಚ್ಚಿ ತೆರೆದ.

ಬರ್ತೀನಿ ಎಂದ.

ನಂಬಲೋ ಬಿಡಲೋ. ಒಂದು ವಾರ ಎಂದು ಶುರು ಮಾಡಿದವನ ಮಾತು.

ಮೇ 15

ಏನೂ ಇಲ್ಲ. 130/82. ಸೂಪಿಗೆ ಚಿಟಿಕೆ ಉಪ್ಪು ಹಾಕಿಕೊಂಡೆ, ಡಾಕ್ಟರು ಸ್ವಲ್ಪ ಪರವಾಗಿಲ್ಲ ಎಂದಿದ್ದಾರೆ. ಮೊದಲ ತುತ್ತಿಗೆ ಕಣ್ಣಲ್ಲಿ ನೀರು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅನ್ನುತ್ತಾರೆ. ಉಪ್ಪು ಕಿತ್ತುಕೊಂಡವರನ್ನು ಅದಕ್ಕೂ ಹೆಚ್ಚು ನೆನೆಯುತ್ತೇವೇನೋ.

ಮೇ 22, ಗುರುವಾರ, ಮಧ್ಯಾಹ್ನ

ಬಂದಿದ್ದ. ನನಗಿಂತ ಮೊದಲೇ ಬಂದು ಕಾರಿಡಾರಿನ ಬೆಂಚಿನ ತುದಿಯಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ತೊಡೆಯ ಮೇಲೆ ಬಟ್ಟೆಚೀಲ. ನಾನು ಇನ್ನೊಂದು ತುದಿಯಲ್ಲಿ. ನಡುವೆ ಕೊಕ್ಕೆ, ಎರಡು ಹಡಗುಗಳ ಮಧ್ಯೆ ಸಿಕ್ಕಿದ ದೋಣಿಯ ಹಾಗೆ, ಆ ಕಡೆ ಈ ಕಡೆ ನೋಡದೆ.

ಮೊದಲು ನನ್ನನ್ನು ಕರೆದರು. ಮೇಜಿನ ಹಿಂದೆ ಮೂವರು. ಇದ್ದದ್ದು ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ. ಹೆಂಡತಿಗೆ ಗೊತ್ತಿಲ್ಲದೆ ಎರಡು ವರ್ಷವೇ ಎಂದು ಒಬ್ಬರು ಹುಬ್ಬೇರಿಸಿದರು. ಆಮೇಲೆ ಅವನನ್ನು ಕರೆದರು. ಬಾಗಿಲು ಮುಚ್ಚಿತು.

ಇಲ್ಲ ಎಂದುಬಿಡುತ್ತಾನೆ ಅನ್ನಿಸಿತು. ಅವಳೇ ಮರೆಯುತ್ತಿದ್ದಳು, ನಾನು ಮುಚ್ಚಿಹಾಕುತ್ತಿದ್ದೆ ಅಂದುಬಿಟ್ಟರೆ ಮುಗಿಯಿತು. ಮೂರು ಜನ ದೊಡ್ಡವರಿದ್ದರು ಒಳಗೆ. ಒಬ್ಬ ನರ್ಸಿನ ಎದುರೇ ಬಾಯಿ ಬರದವನು.

ಬಹಳ ಹೊತ್ತಾಯಿತು. ನನ್ನನ್ನು ಮತ್ತೆ ಒಳಗೆ ಕರೆದರು. ಎಲ್ಲ ಹೇಳಿದ್ದಾನೆ. ಕೇಳದ್ದನ್ನೂ ಹೇಳಿದ್ದಾನೆ. ಯಾವ ಅಂಗಡಿಯಲ್ಲಿ ಕ್ಯಾಲ್ಸಿಯಂ ತಂದದ್ದು, ಬಣ್ಣ ಹೊಂದಿಸಲು ಹೇಗೆ ಹುಡುಕಿದ್ದು, ಆಸ್ಪತ್ರೆಯ ಕಿಟಕಿ, ಎಲ್ಲವನ್ನೂ. ಚೀಲದಿಂದ ಆ ಸ್ಟ್ರಿಪ್ಪಿನ ಕಂತೆಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಿದ್ದಾನೆ. ಹುಬ್ಬೇರಿಸಿದವರು ನನ್ನ ಮುಖ ನೋಡಲಾಗದೆ ಕಾಗದ ಸರಿಪಡಿಸಿಕೊಂಡರು. ನನ್ನ ಮೇಲಿನ ಆರೋಪ ತೆಗೆದುಹಾಕಿದರು. ಒಂದು ತಿಂಗಳು ಬಿ.ಪಿ. ಹೀಗೇ ಇದ್ದರೆ ಕ್ರೇನು ನನ್ನದು. ಹೊಸ ಬಂದರಿನ ಮಾತು ಯಾರೂ ಎತ್ತಲಿಲ್ಲ. ಅಲ್ಲಿಗೆ ಮರಿ ಹೋಗಿಯಾಯಿತು.

ಹೊರಗೆ ಬಂದಾಗ ಕೊಕ್ಕೆ ಎದ್ದು ನಿಂತು ಕಣ್ಣಲ್ಲೇ ಕೇಳಿದ. ತಲೆಯಾಡಿಸಿದೆ. ಬಾಯಿ ಒಣಗಿತ್ತು.

ನನ್ನ ಗಂಡ ಕಾರಿಡಾರಿನ ಕೊನೆಯಿಂದ ಕಾಗದದ ಲೋಟದಲ್ಲಿ ಟೀ ಹಿಡಿದುಕೊಂಡು ಬಂದ. ಚೆಲ್ಲದ ಹಾಗೆ, ಎರಡೂ ಕೈಯಲ್ಲಿ. ನನ್ನ ಮುಂದೆ ಹಿಡಿದ. ಹೇಳಿದ್ದೀನಿ, ಏನೂ ಮುಚ್ಚಿಟ್ಟಿಲ್ಲ ಎಂದ. ಗೊತ್ತು ಎಂದೆ. ಮನೆಗೆ ಬಾ ಎನ್ನಲಿಲ್ಲ, ಕ್ಷಮಿಸು ಎನ್ನಲಿಲ್ಲ. ಅದು ಒಳ್ಳೆಯದೇ ಆಯಿತು. ಎಲ್ಲೋ ಒಂದು ಕಡೆ, ಒಳಗೆ ಹೋಗಿ ಅಷ್ಟು ಹೇಳಿ ಬಂದವನ ಮೇಲೆ ಕರುಣೆಯೂ ಬಂತು, ಸುಳ್ಳು ಯಾಕೆ ಬರೆಯಲಿ.

ಲೋಟ ನೋಡುತ್ತಾ ನಿಂತೆ. ಹಾಲು ಹಾಕಿದ ಟೀ, ಮೇಲೆ ತೆಳ್ಳಗೆ ಕೆನೆ. ಒಳಗೆ ಏನಿದೆ ಎಂದು ನೋಡುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಮುಖ ಇಳಿದುಹೋಯಿತು. ಆಮೇಲೆ ಲೋಟ ತನ್ನ ಕಡೆ ಎಳೆದುಕೊಂಡು, ನನ್ನನ್ನೇ ನೋಡುತ್ತಾ, ಒಂದು ಗುಟುಕು ತಾನು ಕುಡಿದ. ನುಂಗಿದ. ಗಂಟಲಲ್ಲಿ ಇಳಿದದ್ದು ಕಾಣಿಸಿತು. ಮತ್ತೆ ನನ್ನ ಮುಂದೆ ಹಿಡಿದ.

ಬಾಯಾರಿತ್ತು. ಕೈ ಚಾಚಿದೆ ಕೂಡ. ಬೆರಳಿಗೆ ಲೋಟದ ಬಿಸಿ ತಾಗಿತು. ಆದರೆ ಹಿಡಿಯಲಿಲ್ಲ; ಕಾರಿಡಾರಿನ ನಲ್ಲಿಗೆ ಹೋಗಿ ಬೊಗಸೆಯಲ್ಲಿ ನೀರು ಕುಡಿದೆ.